ಅಟ್ಟದ ಮೇಲಿನ ಗಂಟು ಓದೋರು ಯಾರು?

ಊರಿನ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಗಂಟೊಂದು ನಿಮ್ಮಲ್ಲೂ ಇದೆಯಾ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದರೆ ಇದ್ದರೂ ಇರಬಹುದು. ತಾಳೆಗರಿಯ ಕಟ್ಟು, ಮಡಚಿಟ್ಟ ಕಪ್ಪು ಕಡತ, ಹುಳ ತಿಂದ ಸಾಲಪತ್ರ, ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗ. ನವರಾತ್ರಿಯಲ್ಲಿ ಶಾರದೆ ಪೂಜೆಗೆ ಕೆಳಗಿಳಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಮೇಲಿಡ್ತೀವಿ. ಬಿಚ್ಚಿ ಓದೋದಿಲ್ಲ. ಓದೋಕೆ ಬರೋದೂ ಇಲ್ಲ.

ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆ ಕಳೆದ ವರ್ಷ ಹಿಸ್ಸೆಯಾಯ್ತು. ಹಳೆ ಮನೆ ಕೆಡವೋದು ಅಂತ ತೀರ್ಮಾನವಾಯ್ತು. ತೂಗುಮಂಚ, ತಾಮ್ರದ ಹಂಡೆ, ಕೆತ್ತನೆಯ ಬಾಗಿಲು, ಎಲ್ಲಕ್ಕೂ ವಾರಸುದಾರರು ಸಿಕ್ಕರು. ಗಂಟಿಗೆ ಮಾತ್ರ ಯಾರೂ ಸಿಗಲಿಲ್ಲ. "ಹೊಳೆಗೆ ಬಿಟ್ರಾತು" ಅಂದರು ಒಬ್ಬರು. ಅವರದ್ದೇನೂ ಕೆಟ್ಟ ಮನಸ್ಸಲ್ಲ. ಓದೋರಿಲ್ಲದ ಗ್ರಂಥವನ್ನು ಗೌರವದಿಂದ ನೀರಿಗೆ ಬಿಡೋದು ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋ ನಾನು, "ಅದು ನನಗಿರಲಿ" ಅಂದೆ.

ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ

ಓಲೆ ಬಿಚ್ಚಿದರೆ ಒಂದಕ್ಷರವೂ ತಿಳಿಯಲಿಲ್ಲ. ಫೋಟೋ ನೋಡಿದ ಆಫೀಸಿನ ಮಲಯಾಳಿ ಗೆಳತಿ ಮಾತ್ರ ಕೆಲವು ಅಕ್ಷರ ಗುರುತಿಸಿದಳು. ಅದು ತಿಗಳಾರಿ ಲಿಪಿ. ಮಲಯಾಳ ಲಿಪಿಯ ಹಾಗೆ ಇದೂ ಗ್ರಂಥ ಲಿಪಿಯಿಂದ ಬಂದದ್ದು, ಅದಕ್ಕೇ ಆ ಹೋಲಿಕೆ. ಕರಾವಳಿ ಮತ್ತು ಮಲೆನಾಡಿನ ಹವ್ಯಕರು, ಶಿವಳ್ಳಿಯವರು, ಕೋಟದವರು ವೇದ, ಪ್ರಯೋಗ, ಜ್ಯೋತಿಷ್ಯ ಬರೆದುಕೊಳ್ಳೋಕೆ ಹೆಚ್ಚಾಗಿ ಇದನ್ನೇ ಬಳಸ್ತಿದ್ದರು. ಪಕ್ಕದ ಸಾಗರ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಗಳು ನೂರಾರು ಇವೆ. ಅದನ್ನು ಕಟ್ಟಿದ ಕೆಳದಿ ಗುಂಡಾ ಜೋಯಿಸರು ಈ ಲಿಪಿ ಓದಬಲ್ಲವರಾಗಿದ್ದರು. ಅಂಥವರು ಈಗ ಬೆರಳೆಣಿಕೆ.

ನಮ್ಮ ಮನೆಯಲ್ಲಿ ಉಳಿದಿರೋದು ಒಬ್ಬರೇ, 84 ವರ್ಷದ ದೊಡ್ಡಪ್ಪ. ಓದೋಕೆ ಬರುತ್ತೆ, ಆದರೆ ಕಣ್ಣು ಮಂಜು. ಓಲೆಯ ಎಳೆಯಂಥ ಅಕ್ಷರ ಅವರಿಗೆ ಕಾಣಲ್ಲ. ಹಾಗಾಗಿ ಪ್ರತಿ ಓಲೆಯ ಫೋಟೋ ತೆಗೆದು, ಬಣ್ಣ ತಿರುಗುಮುರುಗು ಮಾಡಿ, ಟಿವಿಗೆ ಹಾಕಿದೆ. ಕಪ್ಪು ಹಿನ್ನೆಲೆಯಲ್ಲಿ ಗೇಣುದ್ದದ ಬಿಳಿ ಅಕ್ಷರಗಳು. ದೊಡ್ಡಪ್ಪ ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡು ಓದೋಕೆ ಶುರುಮಾಡಿದರು.

ಹೊಗೆ ಹೋಯ್ತು, ಹುಳ ಬಂತು

ತಾಳೆಗರಿಯಲ್ಲಿ ಶಾಯಿಯಿಂದ ಬರೆಯೋದಲ್ಲ, ಕಂಠ ಅನ್ನೋ ಲೋಹದ ಮೊನೆಯಿಂದ ಕೊರೆಯೋದು. ಆಮೇಲೆ ಮಸಿ ಸವರಿದರೆ ಗೀರಿನಲ್ಲಿ ಕಪ್ಪು ನಿಲ್ಲುತ್ತೆ, ಅಕ್ಷರ ಎದ್ದು ಕಾಣುತ್ತೆ. ವರ್ಷಗಳು ಕಳೆದಂತೆ ಮಸಿ ಉದುರಿಹೋದರೂ ಗೀರು ಉಳಿದಿರುತ್ತೆ. ಕತ್ತಲೆ ಕೋಣೆಯಲ್ಲಿ ಒಂದೇ ಬದಿಯಿಂದ, ಓಲೆಗೆ ತಾಗೋ ಹಾಗೆ ಓರೆಯಾಗಿ ಫೋನಿನ ಟಾರ್ಚ್ ಹಿಡಿದರೆ ಗೀರಿನೊಳಗೆ ನೆರಳು ಬೀಳುತ್ತೆ. ಖಾಲಿ ಅಂದುಕೊಂಡಿದ್ದ ಓಲೆಯಲ್ಲಿ ಸಾಲುಗಳು ಕಾಣೋಕೆ ಶುರುವಾಗುತ್ತೆ.

ಹುಳ ತಿಂದ ತೂತಿಗೆ ಮಾತ್ರ ಯಾವ ಟಾರ್ಚೂ ಸಾಲಲ್ಲ. "ಮೊದ್ಲು ಒಲೆಯ ಹೊಗೆ ಅಟ್ಟಕ್ಕೆ ತಾಗ್ತಿತ್ತು. ಗ್ಯಾಸ್ ಬಂದ್ಮೇಲೆ ಹೊಗೆ ಹೋಯ್ತು, ಹುಳ ಬಂತು" ಅನ್ನೋದು ದೊಡ್ಡಪ್ಪನ ಲೆಕ್ಕ. ಮೇಲಿಂದ ನಮ್ಮ ಮಳೆಗಾಲದ ಥಂಡಿ. ಕೆಲವು ಓಲೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿದ್ದವು.

ಆದರೂ ಒಂದು ಸಂಗತಿ ಗಮನಿಸಿದೆ. ಮಂತ್ರದ ಓಲೆಯಲ್ಲಿ ತೂತು ಬಂದರೆ ದೊಡ್ಡಪ್ಪ ನಿಲ್ಲೋದೇ ಇಲ್ಲ. ಬಾಯಿಪಾಠ ಇದ್ದಿದ್ದರಿಂದ ಹೇಳಿಕೊಂಡು ಮುಂದೆ ಹೋಗಿಬಿಡ್ತಾರೆ. ಗೊತ್ತಿಲ್ಲದ ವಿಷಯ ಬಂದರೆ ಪೂರ್ತಿ ಸಾಲು ಇದ್ದರೂ ತಡವರಿಸ್ತಾರೆ.

ಹಿಮದಲ್ಲಿ ಸಿಕ್ಕ ನಾವಿಕನ ಕಾಗದ

ಹಾಳಾದ ಕಾಗದಗಳನ್ನು ಬೇರೆಯವರು ಹೇಗೆ ಓದ್ತಾರೆ ಅಂತ ಹುಡುಕುವಾಗ ಧ್ರುವಪ್ರದೇಶದ ಕಥೆಯೊಂದು ಸಿಕ್ಕಿತು. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ನೇತೃತ್ವದಲ್ಲಿ ಎರೆಬಸ್ ಮತ್ತು ಟೆರರ್ ಅನ್ನೋ ಎರಡು ಬ್ರಿಟಿಷ್ ಹಡಗುಗಳು ಕೆನಡಾದ ಉತ್ತರದ ಹಿಮಸಾಗರಕ್ಕೆ ಹೋದವು. ಕಣ್ಮರೆಯಾದ 129 ಮಂದಿಯಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. 1859ರಲ್ಲಿ ಹುಡುಕಲು ಹೋದವರಿಗೆ ಕಿಂಗ್ ವಿಲಿಯಂ ದ್ವೀಪದಲ್ಲಿ ಒಂದು ಅಸ್ಥಿಪಂಜರ, ಅದರ ಬಳಿ ಒಂದು ಪಾಕೆಟ್ ಪುಸ್ತಕ ಸಿಕ್ಕಿತು. ಒಳಗೆ ಹ್ಯಾರಿ ಪೆಗ್ಲರ್ ಅನ್ನೋ ನಾವಿಕನ ಕಾಗದಗಳು. ಮಡಿಕೆಯಲ್ಲಿ ಹರಿದಿವೆ, ಮಾಸಿವೆ, ಅದರ ಮೇಲೆ ಎಷ್ಟೋ ಪದಗಳ ಅಕ್ಷರಗಳು ಹಿಂದುಮುಂದು! ಅದರಲ್ಲೊಂದು ಭಾಗ ಆ ಕಾಲದ ಜನಪ್ರಿಯ ಸಮುದ್ರಗೀತೆಯೊಂದರ ಅಣಕ. ಮೂಲ ಹಾಡು ಗೊತ್ತಿದ್ದವರಿಗೆ ಅಲ್ಲಿ ದಾರಿ ಸಿಕ್ಕಿತು. ಜಾಡು ಸಿಗದ ಕಡೆ ಇವತ್ತಿಗೂ ಚರ್ಚೆ ನಡೀತಿದೆ, ಯಾಕಂದ್ರೆ ಕೇಳೋಣ ಅಂದರೆ ಆ ಹಡಗಿನವರು ಒಬ್ಬರೂ ಉಳಿದಿಲ್ಲ.

ನಮಗೆ ಕೇಳೋಕೆ ಇನ್ನೂ ಜನ ಇದ್ದಾರೆ. ಅದೆಷ್ಟು ದೊಡ್ಡ ಸಂಗತಿ ಅಂತ ನನಗೆ ಅರ್ಥವಾಗಿದ್ದು ಒಂದು ಸಾಲಪತ್ರದಿಂದ.

'ಕೊನೆ' ಅಂದರೆ ಯಾವಾಗ?

ಅದು ಕಾಗದದ ಮೇಲಿನ ಕನ್ನಡ ಬರಹ. ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ಹಳೆಯ ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಮಾಡಿ ತೋರಿಸೋದು ಕಡಿಮೆ. ಬೆಳೆಯೋ ಬೇಳೆಯೋ ನೀವೇ ಊಹಿಸಬೇಕು. ಕಷ್ಟಪಟ್ಟು ಬಿಡಿಸಿದಾಗ ಸಿಕ್ಕಿದ್ದು ಇಷ್ಟು: ಈಶ್ವರ ಸಂವತ್ಸರದ ಶ್ರಾವಣದಲ್ಲಿ ಸಾಲ ತಗೊಂಡಿದ್ದು, 'ಕೊನೆ ಆದ ಮೇಲೆ' ಸಲ್ಲಿಸೋದು. ಯಾವುದರ ಕೊನೆ? ವರ್ಷದ್ದಾ, ತಿಂಗಳದ್ದಾ? ಅಲ್ಲಿ ತೂತೇನೂ ಇರಲಿಲ್ಲ, ಆದರೂ ಅರ್ಥವಾಗಲಿಲ್ಲ.

ಯಲ್ಲಾಪುರಕ್ಕೆ ಕೊಟ್ಟ ಅತ್ತೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅವರು ನಕ್ಕೇಬಿಟ್ಟರು. "ಅಡಿಕೆ ಕೊನೆ ಮಾರಾಯ್ತಿ! ಕೊನೆ ಕೊಯ್ದ ಮೇಲಲ್ದಾ ಕೈಗೆ ದುಡ್ಡು?" ನಮ್ಮ ಕಡೆ ಕೊನೆ ಅಂದರೆ ಅಡಿಕೆಯ ಗೊಂಚಲು. ಅಲ್ಲಿಗೆ ವಾಯಿದೆ ಯಾವಾಗ ಅಂತ ಸ್ಪಷ್ಟವಾಯ್ತು. ಮಳೆಗಾಲದಲ್ಲಿ ಸಾಲ, ಅಡಿಕೆ ಕೊಯ್ಲಾದ ಮೇಲೆ ತೀರುವಳಿ. ಇಂಥದ್ದೇ ಇನ್ನೊಂದು ಪದ 'ಬೆಟ್ಟ'. ಹೊರಗಿನವರಿಗೆ ಅದು ಗುಡ್ಡ. ನಮಗೆ ತೋಟಕ್ಕೆ ಸೊಪ್ಪು ತರೋ ಕಾಡು.

ವರ್ಷ ಹಿಡಿಯೋದು ಇನ್ನೊಂದು ಪತ್ತೇದಾರಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರ್ತವೆ. ಈಶ್ವರ ಅಂದರೆ 1817, 1877, 1937 ಯಾವುದೂ ಆಗಬಹುದು. ಪತ್ರದಲ್ಲಿ ಮುಂಬಯಿ ಸರ್ಕಾರದ ಹೆಸರಿತ್ತು. ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ, ಹಾಗಾಗಿ 1817 ಅಲ್ಲ. ಸಾಲ ತಗೊಂಡ ಹಿರಿಯರು 1937ಕ್ಕೆ ಮೊದಲೇ ತೀರಿಕೊಂಡಿದ್ದರು ಅಂತ ದೊಡ್ಡಪ್ಪನಿಗೆ ಖಾತ್ರಿ. ಉಳಿದದ್ದು 1877. ಮದ್ರಾಸು, ಮುಂಬಯಿ ಪ್ರಾಂತ್ಯಗಳನ್ನು ಹಿಂಡಿದ 1876-78ರ ಭೀಕರ ಕ್ಷಾಮದ ನಟ್ಟನಡುವೆ! ಸಾಲ ಯಾಕೆ ಅಂತ ಪತ್ರ ಹೇಳಲ್ಲ. ಆದರೆ ಆ ವರ್ಷ ಗೊತ್ತಾದ ಮೇಲೆ ಮನೆಯಲ್ಲಿ ಯಾರೂ ಹೊಳೆಯ ಮಾತು ಎತ್ತಲಿಲ್ಲ.

ನಿಮ್ಮ ಮನೆಯಲ್ಲೂ ಇದ್ದರೆ

ಗಂಟು ಬಿಚ್ಚೋ ಮೊದಲು ಇಷ್ಟು ನೆನಪಿಡಿ. ಅಂಟಿದ ಓಲೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಬಿಸಿಲಿಗೆ ಒಣಗಿಸಬೇಡಿ. ಹರಿದ ಕಾಗದಕ್ಕೆ ಸೆಲೋಟೇಪ್, ಲ್ಯಾಮಿನೇಷನ್ ಬೇಡ. ಕಪ್ಪು ಕಡತವನ್ನಂತೂ ಒರೆಸಲೇಬೇಡಿ. ಅದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಬಳಪದಲ್ಲಿ ಬರೆದದ್ದು. ಸ್ಲೇಟಿನ ಹಾಗೆ, ಒರೆಸಿದರೆ ಹೋಯ್ತು. ಇವತ್ತು ಆಫೀಸಿನಲ್ಲಿ ನಾವು ಫೈಲಿಗೆ ಕಡತ ಅನ್ನೋದು ಇದರಿಂದಲೇ.

ಓಲೆಗಳ ಕ್ರಮ ತಪ್ಪಿಸದೆ ಎರಡೂ ಬದಿಯ ಫೋಟೋ ತೆಗೀರಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ. ಓಲೆಗೆ ಎಣ್ಣೆ ಹಚ್ಚಿ ಶುಚಿ ಮಾಡೋದು ತಿಳಿದವರಿಗೆ ಬಿಡಿ. 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ ಜ್ಞಾನ ಭಾರತಂ ಮಿಷನ್ ಖಾಸಗಿಯವರ ಬಳಿ ಇರೋ ಹಸ್ತಪ್ರತಿಗಳನ್ನೂ ದಾಖಲಿಸೋ ಗುರಿ ಇಟ್ಟುಕೊಂಡಿದೆ. 2024ರ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಯೂನಿಕೋಡ್‌ಗೂ ಸೇರಿತು. ಮುಂದೊಂದು ದಿನ ಫೋನೇ ಈ ಲಿಪಿ ಓದಬಹುದು.

ಆದರೆ 'ಕೊನೆ' ಅಂದರೆ ಅಡಿಕೆ ಅಂತ ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ? ಫೋಟೋ ಜೊತೆ ಹಿರಿಯರ ದನಿಯನ್ನೂ ರೆಕಾರ್ಡ್ ಮಾಡಿ. ಯಾವ ಪದಕ್ಕೆ ನಕ್ಕರು, ಎಲ್ಲಿ ತಡೆದರು, ಯಾರ ಹೆಸರು ಕೇಳಿ ಸುಮ್ಮನಾದರು, ಎಲ್ಲವೂ ಇರಲಿ. ನಮ್ಮ ಗಂಟಿನಲ್ಲಿ ಇನ್ನೂ 40 ಓಲೆ ಬಾಕಿ ಇವೆ. ದೊಡ್ಡಪ್ಪ ದಿನಕ್ಕೆ ಎರಡು ಓದ್ತಾರೆ, ಕಣ್ಣು ಚೆನ್ನಾಗಿದ್ದ ದಿನ ಮೂರು.