ಹೊರದೇಶದಿಂದ ಬರುವ ನಿಂಬೆಜಾತಿಯ ಹಣ್ಣುಗಳೂ ಕಜ್ಜಿ ರೋಗದ ತಪಾಸಣೆಯೂ

ನಿಂಬೆ, ಕಿತ್ತಳೆ, ಮೋಸಂಬಿ ಮುಂತಾದ ಗಿಡಗಳಿಗೆ ತಗುಲುವ ಕಜ್ಜಿ ರೋಗವು ತೋಟವುಳ್ಳವರಿಗೆ ಪರಿಚಿತವಾದುದೇ. ನಮ್ಮ ದೇಶಕ್ಕೆ ಇದು ಹೊಸದಲ್ಲ. 1827ರಿಂದ 1831ರೊಳಗೆ ಇಲ್ಲಿ ಆಯ್ದು, ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ಒಣಗಿಸಿಟ್ಟಿರುವ ಮಾದರಿಗಳಲ್ಲಿಯೂ ಇದರ ಕಲೆಗಳಿವೆ. ಆದರೆ ರೋಗವಿಲ್ಲದ ಯೂರೋಪಿನ ದೇಶಗಳವರು ಹೊರಗಿನಿಂದ ಬರುವ ಹಣ್ಣಿಗೆ ಪ್ರಮಾಣಪತ್ರವನ್ನು ಕೇಳಿ, ರೇವಿನಲ್ಲಿಯೇ ತಡೆದು ಪರೀಕ್ಷಿಸುತ್ತಾರೆ. ಒಂದು ಕಲೆಗಾಗಿ ಇಷ್ಟು ಕಟ್ಟುನಿಟ್ಟೇಕೆಂದು ಕೇಳುವವರು ಅಮೆರಿಕದ ಫ್ಲಾರಿಡಾ ಸೀಮೆಯಲ್ಲಿ ನಡೆದುದನ್ನು ತಿಳಿಯತಕ್ಕದ್ದು.

1910ರ ಸುಮಾರಿಗೆ, ಕಸಿಗಾಗಿ ಜಪಾನಿನಿಂದ ತರಿಸಿದ ಸಸಿಗಳೊಡನೆ ಈ ರೋಗವು ಅಲ್ಲಿಗೆ ಬಂದಿತು. ಮೊದಲು ಅದನ್ನು ಬೂಷ್ಟಿನಿಂದಾಗುವ ಬೇರೊಂದು ರೋಗವೆಂದೇ ಎಣಿಸಿದರು. ಸೂಕ್ಷ್ಮಾಣುವೇ ಕಾರಣವೆಂಬುದನ್ನು 1915ರಲ್ಲಿ ಕ್ಲಾರಾ ಹ್ಯಾಸೆ ಎಂಬ ವಿದುಷಿಯು ತೋರಿಸಿಕೊಟ್ಟಳು. ರೋಗವನ್ನು ಬೇರುಸಹಿತ ಕೀಳುವುದಕ್ಕಾಗಿ ತೋಟದ ಮರಗಳು 2,50,000ಕ್ಕೂ ಮೇಲ್ಪಟ್ಟು, ಸಸಿಮಡಿಗಳ ಗಿಡಗಳು 30 ಲಕ್ಷದಷ್ಟು ನಾಶಮಾಡಲ್ಪಟ್ಟುವು. 1933ರಲ್ಲಿ ರೋಗವು ನಿರ್ಮೂಲವಾಯಿತೆಂದು ಸಾರಿದರು. ಆದರೆ 1995ರಲ್ಲಿ ಮಯಾಮಿ ಪಟ್ಟಣದ ಬಳಿ ಅದು ಪುನಃ ಕಾಣಿಸಿಕೊಂಡಿತು. ಈ ಸಲ ಎಷ್ಟು ಮರಗಳನ್ನು ಕಡಿದರೂ ಫಲವಾಗಲಿಲ್ಲ. 2004 ಮತ್ತು 2005ರ ಬಿರುಗಾಳಿಗಳು ಸೋಂಕನ್ನು ದೂರದೂರಕ್ಕೆ ಒಯ್ದುದರಿಂದ, 2006ರಲ್ಲಿ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ರೇವಿನ ಪರೀಕ್ಷಕನು ಪೆಟ್ಟಿಗೆಗಳಿಂದ ಕೆಲವು ಹಣ್ಣುಗಳನ್ನು ಆರಿಸಿ ಸಿಪ್ಪೆಯನ್ನು ನೋಡುವನು. ಕಜ್ಜಿಯ ಕಲೆಯು ಬೆಂಡಿನಂತೆ ಒರಟಾಗಿ ಉಬ್ಬಿ, ನಡುವೆ ಕುಳಿಬಿದ್ದು, ಅಂಚಿನಲ್ಲಿ ಎಣ್ಣೆ ತಗುಲಿದಂತಿರುವುದು. ಕೊಂಬೆಯುಜ್ಜಿದ ಗಾಯವೂ ಕೆಲವು ವೇಳೆ ಹೀಗೆಯೇ ತೋರುವುದರಿಂದ ಕಣ್ಣನ್ನೇ ನೆಚ್ಚುವಂತಿಲ್ಲ. ಕಲೆಯ ಚೂರೊಂದನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿದರೆ, ಸೂಕ್ಷ್ಮಾಣುಗಳು ಹೊಗೆಯೆದ್ದಂತೆ ಹೊರಸೂಸುವುದು ಕಾಣುವುದು. ಬಳಿಕ ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನಿಶ್ಚಯಿಸುತ್ತಾರೆ. ಇಂಥ ಹಣ್ಣನ್ನು ತಿಂದವರಿಗೆ ಯಾವ ಕೆಡುಕೂ ಇಲ್ಲ, ಕೆಡುಕೆಲ್ಲ ಗಿಡಕ್ಕೆ.

ಹಣ್ಣಿಗಿಂತಲೂ ಸಸಿ ಮತ್ತು ಕಸಿಕಡ್ಡಿಗಳೇ ಹೆಚ್ಚು ಅಪಾಯಕರವಾದುವು. ಫ್ಲಾರಿಡಾದವರು ಕೆಟ್ಟುದೂ ಸಸಿಗಳಿಂದಲೇ ಅಲ್ಲವೆ? ನಮ್ಮಲ್ಲಿ ಕಿತ್ತಳೆಗಿಂತ ನಿಂಬೆಗೆ ಬಾಧೆ ಹೆಚ್ಚು. ಆದುದರಿಂದ ಸಸಿಗಳನ್ನು ಕೊಳ್ಳುವವರು ಎಲೆಯ ಎರಡು ಮಗ್ಗುಲನ್ನೂ ನೋಡತಕ್ಕದ್ದು; ಉಬ್ಬಿದ ಕಲೆಯೂ ಅದರ ಸುತ್ತ ಹಳದಿಯ ಬಳೆಯೂ ಇದ್ದರೆ, ಬೆಲೆ ಎಷ್ಟು ಅಗ್ಗವಾದರೂ ಅಂಥದನ್ನು ಊರೊಳಕ್ಕೆ ತರಕೂಡದು. ಗಾಳಿಯೊಡನೆ ಬೀಳುವ ಮಳೆಯು ಸೋಂಕನ್ನು ಗಿಡದಿಂದ ಗಿಡಕ್ಕೆ ಹರಡುವುದು. ರಂಗೋಲಿ ಹುಳು ಕೊರೆದ ಎಲೆಗೆ ಅದು ಬೇಗನೆ ಹೊಗುವುದು. ಈಗಾಗಲೇ ರೋಗವಿರುವ ತೋಟದಲ್ಲಿ, ಬೇಸಗೆಯೊಳಗೆ ಸೋಂಕಿನ ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಮಳೆಗಾಲಕ್ಕೆ ಮುಂಚೆಯೇ ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು.