ಶಾಂತಲೆಯ ಕಥೆ, ಶಾಸನದ ಮಾತು

ಸಕಲೇಶಪುರ, ಆಲೂರು ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಬಂದರೆ ಬೇಲೂರು ತಪ್ಪುವುದಿಲ್ಲ. ಅಲ್ಲಿ ಮದನಿಕೆಯೊಂದನ್ನು ತೋರಿಸಿ ‘ಇವಳೇ ಶಾಂತಲೆ’ ಎಂದು ಯಾರಾದರೂ ಹೇಳುತ್ತಾರೆ. ಮಕ್ಕಳು ನಂಬುತ್ತಾರೆ. ಅದನ್ನು ಸಾರುವ ಶಾಸನ ಮಾತ್ರ ಇಲ್ಲ.

ಹೊಯ್ಸಳರು ಈ ಮಲೆಗಳಿಗೆ ಹೊರಗಿನವರಲ್ಲ. ಅವರ ಮೂಲಸ್ಥಾನ ಸೊಸೆವೂರು, ಅಂದರೆ ಈಗಿನ ಅಂಗಡಿ, ಸಕಲೇಶಪುರದ ನೆರೆಯ ಮೂಡಿಗೆರೆ ತಾಲ್ಲೂಕಿನಲ್ಲಿದೆ. ‘ಮಲೆಪರೊಳ್ ಗಂಡ’ ಎಂಬುದು ಅವರ ಬಿರುದು. ಮಲೆನಾಡಿನ ನಾಯಕರಲ್ಲಿ ವೀರ ಎಂದರ್ಥ. ಆ ವಂಶದ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ.

ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುಭಕ್ತ. ಶಾಂತಲೆ ತಾಯಿಯ ಧರ್ಮವನ್ನು ಬಿಡಲಿಲ್ಲ. ಆದರೂ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದಳು. ಹಳೇಬೀಡಿನ ಜೋಡಿ ಶಿವಾಲಯದಲ್ಲಿ ಒಂದಕ್ಕೆ ಶಾಂತಲೇಶ್ವರವೆಂದೇ ಹೆಸರು. ಹಾಡು, ವಾದ್ಯ, ನೃತ್ಯ ಮೂರರಲ್ಲೂ ಅವಳು ನಿಪುಣೆ ಎಂದು ಶಾಸನಗಳು ಹೊಗಳುತ್ತವೆ.

1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಅವಳು ಶಾಂತಿನಾಥ ಬಸದಿ ಕಟ್ಟಿಸಿ, ಮೊಟ್ಟೆನವಿಲೆ ಎಂಬ ಊರನ್ನು ದತ್ತಿ ಬಿಟ್ಟಳು. ಬಸದಿಯ ಹೆಸರು ಸವತಿಗಂಧವಾರಣ. ಗಂಧವಾರಣವೆಂದರೆ ಮದಿಸಿದ ಆನೆ. ಸವತಿಯರ ಪಾಲಿಗೆ ಮದ್ದಾನೆ! ಇದು ಅವಳ ಬಿರುದೇ. ಗಂಡನ ಸುಖಕ್ಕಾಗಿ ಕಣ್ಣೀರಿಡುತ್ತ ಪಕ್ಕಕ್ಕೆ ಸರಿದ ಹೆಣ್ಣು ಇಂಥ ಹೆಸರನ್ನು ಬಸದಿಗೆ ಇಡುತ್ತಾಳೆಯೇ?

ಈ ಪ್ರಶ್ನೆಗೆ ಕಾರಣವಿದೆ. ಮಕ್ಕಳಾಗಲಿಲ್ಲವೆಂದು, ರಾಜ ಬೇರೆ ಮದುವೆಯಾಗಲೆಂದು ಶಾಂತಲೆ ಶಿವಗಂಗೆ ಬೆಟ್ಟದಿಂದ ಧುಮುಕಿದಳೆಂಬ ಕಥೆ ಊರೂರಿನಲ್ಲಿದೆ. ನೆಲಮಂಗಲ ತಾಲ್ಲೂಕಿನ ಆ ಬೆಟ್ಟದ ತುದಿಯಲ್ಲಿ ಜಾಗವನ್ನೂ ತೋರಿಸುತ್ತಾರೆ. ಲಕ್ಷ್ಮೀದೇವಿ ಎಂಬ ಮತ್ತೊಬ್ಬ ರಾಣಿಯ ಮಗ ನರಸಿಂಹ ಮುಂದೆ ಪಟ್ಟಕ್ಕೆ ಬಂದದ್ದು ನಿಜ. ಕಥೆಗೆ ಅದು ಅನುಕೂಲವಾಗಿರಬೇಕು. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟೇ: 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಧುಮುಕಿದ ಮಾತು ಅದರಲ್ಲಿಲ್ಲ.

ಅದೇ ಶಾಸನದಲ್ಲಿ ಇನ್ನೊಂದು ಸಾವಿನ ವಿವರವಿದೆ. ಅದನ್ನು ಕೇಳಿದವರು ಕಡಿಮೆ. ಮಗಳು ಹೋದಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು, ಗುರುಗಳ ಸನ್ನಿಧಿಯಲ್ಲಿ ವ್ರತ ಹಿಡಿದು ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು.

ಬೇಲೂರಿಗೆ ಹೊರಟ ಪ್ರವಾಸದ ಬಸ್ಸು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು, ಚನ್ನರಾಯಪಟ್ಟಣದ ಹಾದಿಯಾಗಿ ಚಂದ್ರಗಿರಿಗೂ ಹೋಗಬಹುದು. ಬಸದಿ ಈಗಲೂ ಅಲ್ಲೇ ಇದೆ.