ಬಿಸಿಲೆ ಘಾಟಿ: ಮಳೆ ಪಾಲಾಗುವ ಜಾಗ

ಸುಬ್ರಹ್ಮಣ್ಯದಿಂದ ಗುಂಡ್ಯದ ಕಡೆ ಹೊರಟರೆ ಸ್ವಲ್ಪದರಲ್ಲೇ ಕುಲ್ಕುಂದ. ದೂರದೂರಿನ ಬಸ್ಸುಗಳೆಲ್ಲ ಇಲ್ಲಿ ನೇರ ಹಾಯ್ದುಹೋಗುತ್ತವೆ. ಬಿಸಿಲೆಗೆ ಹೋಗುವವರು ಮಾತ್ರ ಬಲಕ್ಕೆ ಹೊರಳಬೇಕು. ನವೆಂಬರಿನ ಬೆಳಗು, ಅಡಿಕೆ ತೋಟದ ತಲೆಯ ಮೇಲೆ ಮಂಜು ಇನ್ನೂ ಚದುರಿರಲಿಲ್ಲ. ಗೂಡಂಗಡಿಯವರು ಚಹಾದ ಲೋಟ ಮುಂದಿಡುತ್ತ ಸೈಕಲ್ಲಿನ ತೆಳ್ಳನೆ ಟೈರುಗಳನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು.

“ಇದರಲ್ಲಿ ಬಿಸಿಲೆಗಾ? ಹೋಗ್ಲಿಕ್ಕೆ ಆಗ್ತದೆ, ಆಗುದಿಲ್ಲ ಅಂತ ಇಲ್ಲ. ನೀರು ಜಾಸ್ತಿ ಇಟ್ಕೊಳ್ಳಿ ಮಾರಾಯ್ರೆ. ದಾರಿಯಲ್ಲಿ ಅಂಗಡಿ ಇಲ್ಲ. ಆನೆ ಉಂಟು.”

ಅಂಗಡಿ ಇಲ್ಲದ್ದನ್ನೂ ಆನೆ ಇರುವುದನ್ನೂ ಅವರು ಒಂದೇ ದನಿಯಲ್ಲಿ ಹೇಳಿ ಒಲೆಯ ಕಡೆ ತಿರುಗಿದರು. ಅವರ ಲೆಕ್ಕದಲ್ಲಿ ಎರಡೂ ದಾರಿಯ ಸಂಗತಿಗಳೇ.

ಪಶ್ಚಿಮಘಟ್ಟ ದಾಟಲು ಕರ್ನಾಟಕದಲ್ಲಿ ದಾರಿಗಳಿಗೆ ಬರವಿಲ್ಲ. ಶಿರಾಡಿಯಲ್ಲಿ ಲಾರಿಗಳ ಸಾಲು, ಚಾರ್ಮಾಡಿಯಲ್ಲಿ ಝರಿಯ ಮುಂದೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಸಾಲು, ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಕಾದು ನಿಂತವರ ಸಾಲು. ಬಿಸಿಲೆಯಲ್ಲಿ ಯಾವ ಸಾಲೂ ಇಲ್ಲ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕನ್ನು ಕೆಳಗಿನ ಸುಬ್ರಹ್ಮಣ್ಯಕ್ಕೆ ಜೋಡಿಸುವ ಈ ಕಿರಿದಾದ ಕಾಡುದಾರಿ ಬಹುಕಾಲ ಗುಂಡಿಗಳಿಗೇ ಹೆಸರಾಗಿತ್ತು. ಅದಕ್ಕೂ ಹಿಂದೆ ಇಲ್ಲಿ ಓಡಾಡುತ್ತಿದ್ದದ್ದು ಕಾಲುಗಳು ಮತ್ತು ಗೊರಸುಗಳು. ಸುಬ್ರಹ್ಮಣ್ಯದ ಷಷ್ಠಿ ಹಬ್ಬದ ಸುತ್ತಮುತ್ತ ಕುಲ್ಕುಂದದಲ್ಲಿ ದನಗಳ ಜಾತ್ರೆ ಸೇರುತ್ತಿದ್ದ ಕಾಲದಲ್ಲಿ ಘಟ್ಟದ ಮೇಲಿನ ಎತ್ತುಗಳು ಕಾಡು ದಾಟಿ ಇಳಿದು ಬರುತ್ತಿದ್ದವು. ಕೊಂಡವರು ಉತ್ತು ಬಿತ್ತುವ ಕೆಲಸಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಈಗ ಎತ್ತೂ ಇಲ್ಲ, ಜಾತ್ರೆಯೂ ಇಲ್ಲ.

ಕೊನೆಯ ತೋಟದ ಬೇಲಿ ಮುಗಿಯುತ್ತಲೇ ಕಾಡು. ಮುನ್ನುಡಿ ಗಿನ್ನುಡಿ ಏನೂ ಇಲ್ಲ. ಎರಡೂ ಬದಿಯ ಮರಗಳು ಮೇಲೆ ಕೈ ಕೂಡಿಸಿ ಬೆಳಕನ್ನು ಹಸಿರಾಗಿ ಸೋಸಿ ಬಿಡುತ್ತವೆ. ಧೂಪ, ನಂದಿ, ಬೈನೆ; ಅವುಗಳ ಕಾಂಡಕ್ಕೆ ಸುತ್ತಿಕೊಂಡ ಬಳ್ಳಿ, ಬಳ್ಳಿಗೆ ಹಾವಸೆ, ಹಾವಸೆಗೆ ನೀರಹನಿ. ಮಳೆಗಾಲ ಹೋಗಿ ತಿಂಗಳಾದರೂ ಗುಡ್ಡದ ಮಗ್ಗುಲು ಒಸರುವುದನ್ನು ನಿಲ್ಲಿಸಿಲ್ಲ. ಎಲ್ಲಿಂದಲೋ ಸಿಳ್ಳಾರ ಹಕ್ಕಿ ಅರ್ಧ ರಾಗ ಹಾಡಿ, ಮುಂದಿನದು ಮರೆತವರ ಹಾಗೆ ನಿಲ್ಲಿಸುತ್ತದೆ. ಕಾರಿನಲ್ಲಿ ಬಂದವರಿಗೆ ಇದು ಕೇಳುವುದಿಲ್ಲ. ಸೈಕಲ್ಲಿನವನಿಗೂ ಕೇಳುವುದು ಏದುಸಿರು ಬಿಡಲು ನಿಂತಾಗಲೇ ಎಂಬುದನ್ನು ಒಪ್ಪಿಕೊಳ್ಳೋಣ.

ಈ ಬೆಟ್ಟಸಾಲನ್ನು ರೈಲೂ ಹತ್ತುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ಲೆಕ್ಕ. ಅಷ್ಟಕ್ಕೇ ಹೆಚ್ಚುವರಿ ಎಂಜಿನ್ನು ಬೇಕು. ಘಾಟಿ ರಸ್ತೆಗೆ ಆ ನಾಜೂಕಿಲ್ಲ. ಹೇರ್‌ಪಿನ್ ತಿರುವಿನ ಒಳಮಗ್ಗುಲಲ್ಲಿ ರಸ್ತೆ ಒಮ್ಮೆಲೇ ತಲೆಯೆತ್ತಿ ನಿಲ್ಲುತ್ತದೆ. ಅಲ್ಲಿಗೆ ಸೈಕಲ್ ನುಗ್ಗಿಸಿದರೆ ಮುಂದಿನ ಚಕ್ರ ಹಗುರಾಗಿ ಗಾಳಿಗೆ ಏಳುತ್ತದೆ, ಸವಾರ ಪೆಡಲಿನ ಮೇಲೆ ನಿಂತುಕೊಂಡರೆ ಹಿಂದಿನ ಚಕ್ರ ಹಾವಸೆಯ ಮೇಲೆ ಸುಮ್ಮನೆ ತಿರುಗುತ್ತದೆ. ಆದ್ದರಿಂದ ಬಲ್ಲವರು ಹೊರಅಂಚು ಹಿಡಿದು ಸುತ್ತುತ್ತಾರೆ. ದೂರ ಜಾಸ್ತಿ, ಏರು ಕಡಿಮೆ. ಎಡತಿರುವಿನಲ್ಲಿ ಹೊರಅಂಚು ಎಂದರೆ ಎದುರಿಂದ ಬರುವ ಗಾಡಿಯ ಜಾಗ; ಕಿವಿಗೊಟ್ಟು ಕೇಳಿ, ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೊರಳಬೇಕು. ಗಾಡಿಗಳು ಅಪರೂಪವಾದ ಬಿಸಿಲೆಯಲ್ಲಿ ಇದು ನಡೆಯುತ್ತದೆ. ಶಿರಾಡಿಯಲ್ಲಿ ಯಾರೂ ಪ್ರಯತ್ನಿಸಬಾರದು.

ಕಾಲು ಸೋತಲ್ಲಿ ಒಂದು ಮೋರಿಯ ಕಟ್ಟೆ ಸಿಕ್ಕಿತು. ಕುಳಿತದ್ದೇ ತಡ, ಕಾಡಿನ ಇನ್ನೊಂದು ಜೀವ ನಮ್ಮನ್ನು ಗುರುತಿಸಿತು. ಒದ್ದೆ ಎಲೆಯ ಅಂಚಿನಲ್ಲಿ ದಾರದೆಳೆಯಷ್ಟು ಸಣ್ಣ ಇಂಬಳ. ಬಾಲದ ಮೇಲೆ ನೆಟ್ಟಗೆ ನಿಂತು ತಲೆಯನ್ನು ಅತ್ತ ಇತ್ತ ತೂಗಿ ಉಸಿರಿನ ಬಿಸಿಯನ್ನು ಹುಡುಕಿತು. ದಿಕ್ಕು ಸಿಕ್ಕ ಕೂಡಲೇ ತಲೆ ಊರಿ, ಬಾಲ ಎಳೆದು, ಮತ್ತೆ ತಲೆ ಊರಿ ಗೇಣುಗೇಣಾಗಿ ಶೂವಿನ ಕಡೆ ಬಂತು. ಕಾಲುಚೀಲದ ನೂಲಿನ ಸಂದಿಯಲ್ಲಿ ತನ್ನನ್ನು ತಾನು ಇನ್ನಷ್ಟು ಸಪೂರ ಮಾಡಿಕೊಂಡು ನುಗ್ಗಿದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಅದು ಹೊಟ್ಟೆ ತುಂಬಿ ದ್ರಾಕ್ಷಿಯಷ್ಟಾಗಿ ಉದುರಿದ ಮೇಲೆ, ನಿಲ್ಲದ ರಕ್ತದಿಂದ. ಮಲೆನಾಡಿನವರು ಸುಣ್ಣ, ಹೊಗೆಸೊಪ್ಪು, ಉಪ್ಪು ಇಟ್ಟುಕೊಂಡು ಓಡಾಡುತ್ತಾರೆ. ಪೇಟೆಯವರು ಹೌಹಾರುತ್ತಾರೆ. ಇಂಬಳಕ್ಕೆ ಇಬ್ಬರೂ ಒಂದೇ.

ಘಾಟಿಯ ಮೇಲ್ಭಾಗದಲ್ಲಿ, ರಸ್ತೆಯಿಂದ ತುಸು ಒಳಗೆ ನಡೆದರೆ ವೀಕ್ಷಣೆಯ ಜಾಗವಿದೆ. ಅಲ್ಲಿಯವರೆಗೆ ಎಲೆಯ ಗೂಡಿನೊಳಗೆ ಹತ್ತಿ ಬಂದ ಕಣ್ಣಿಗೆ ಒಮ್ಮೆಲೇ ಆಳ ತೆರೆದುಕೊಳ್ಳುತ್ತದೆ. ಕಾಲಬುಡದಲ್ಲಿ ಕಾಡು ತುಂಬಿದ ಕಣಿವೆ. ಎಲ್ಲೂ ಒಂದು ಮನೆಯ ಹಂಚಿಲ್ಲ, ಗದ್ದೆಯ ಚೌಕವಿಲ್ಲ. ಅದರಾಚೆ ಕುಮಾರಪರ್ವತ, 1,712 ಮೀಟರ್. ಕಪ್ಪು ಬಂಡೆಯ ಗೋಡೆ, ಅದರ ಮೇಲೆ ಹುಲ್ಲಿನ ಹೆಗಲು, ಹೆಗಲ ಮಡಿಕೆಗಳಲ್ಲಿ ಶೋಲಾ ಕಾಡಿನ ಗಾಢ ಹಸಿರು. ನೋಡುತ್ತಿದ್ದಂತೆ ಪಡುವಣದಿಂದ ಮಂಜು ಹತ್ತಿ ಬಂದು ಮೊದಲು ಕಣಿವೆಯನ್ನು, ಆಮೇಲೆ ಬಂಡೆಯನ್ನು, ಕೊನೆಗೆ ತುದಿಯನ್ನು ಅಳಿಸಿತು. ಐದು ನಿಮಿಷಕ್ಕೆ ಮತ್ತೆ ಬರೆಯಿತು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಈ ಪರ್ವತದ ಇನ್ನೊಂದು ಮಗ್ಗುಲಿನ ತಪ್ಪಲಲ್ಲಿ ನಡೆಯುವ ಕಾದಂಬರಿ. ಪುಷ್ಪಗಿರಿ ಅಭಯಾರಣ್ಯವಾದ ಈ ಭಾಗ 2012ರಲ್ಲಿ ಪಶ್ಚಿಮಘಟ್ಟದ ವಿಶ್ವಪರಂಪರೆಯ ತಾಣಗಳ ಪಟ್ಟಿಗೂ ಸೇರಿತು. ಇವೆರಡಕ್ಕಿಂತ ಹೆಚ್ಚು ಜನರನ್ನು ಬೆಟ್ಟಕ್ಕೆ ಎಳೆದು ತಂದದ್ದು ಮೊಬೈಲ್ ಫೋನು. ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿ.ಮೀ.; ಮೊದಲು ಕಾಡಿನ ಏರು, ಗಿರಿಗದ್ದೆಯ ನಂತರ ನೆರಳಿಲ್ಲದ ಹುಲ್ಲಿನ ಏಣು, ಕಲ್ಲುಮಂಟಪ, ಶೇಷಪರ್ವತ, ಮತ್ತೆ ಕಾಡಿಗಿಳಿದು ಬಂಡೆ ಹತ್ತಿದರೆ ತುದಿ. ಕರ್ನಾಟಕದ ಕಷ್ಟದ ಚಾರಣಗಳಲ್ಲಿ ಒಂದು ಎಂಬ ಹೆಸರೇ ಅದಕ್ಕೆ ಮುಳುವಾಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆ ಹೊಂದಿಕೊಂಡು ಬಂದಾಗ ಸಾವಿರಾರು ಮಂದಿ ಒಟ್ಟಿಗೇ ಹತ್ತಲು ಹೊರಟರು. ಹುಲ್ಲಿನ ಏಣಿನ ಉದ್ದಕ್ಕೂ ಟಿಕೆಟ್ ಕೌಂಟರಿನ ಮುಂದಿನ ನೂಕುನುಗ್ಗಲು. ಆ ಚಿತ್ರಗಳು ಊರೆಲ್ಲ ಓಡಾಡಿದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಮುಂಗಡ ಆನ್‌ಲೈನ್ ಟಿಕೆಟ್ ಇದ್ದವರಿಗಷ್ಟೇ ಪ್ರವೇಶ ಎಂಬ ವ್ಯವಸ್ಥೆ ತಂದಿತು. ಒಳ್ಳೆಯದೇ ಆಯಿತು.

ಆ ತುದಿಯಲ್ಲಿ ನಾವೂ ನಿಂತಿದ್ದೇವೆ. ಗಾಳಿ ಚೆನ್ನಾಗಿತ್ತು, ನೋಟವೂ ಚೆನ್ನಾಗಿತ್ತು. ಆದರೆ ಕುಮಾರಪರ್ವತದ ಮೇಲೆ ನಿಂತವರಿಗೆ ಕುಮಾರಪರ್ವತವೊಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಅದರ ಎತ್ತರ, ಬಂಡೆಯ ಕಡಿದು, ಅದು ಮೋಡವನ್ನು ತಡೆದು ಹಿಂಡುವ ರೀತಿ ಗೊತ್ತಾಗಬೇಕಾದರೆ ಎದುರು ಮಗ್ಗುಲಿನ ಘಾಟಿಗೇ ಬರಬೇಕು. ಶಿಖರಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಗೆರೆ ಎಳೆಯುತ್ತ ಹೋಗುವ ಗೆಳೆಯರಿಗೆ ಈ ಮಾತು ರುಚಿಸುವುದಿಲ್ಲ.

ಬಿಸಿಲೆ ಊರು ಸಣ್ಣದು. ಇಲ್ಲಿಗೆ ಬರುವಷ್ಟರಲ್ಲಿ ಗಾಳಿ ಬದಲಾಗಿದೆ, ಕನ್ನಡವೂ ಬದಲಾಗಿದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, “ಕೆಳಗಿಂದ್ಲೇ ತುಳ್ಕಂಡ್ ಬಂದ್ರಾ ಸಾಮಿ? ಯಾರ್ ಹೇಳಿದ್ರು ನಿಮ್ಗೆ ಹಿಂಗ್ ಮಾಡಕ್ಕೆ?” ಎಂದರು. ನಿಜವಾದ ಕುತೂಹಲದ ಪ್ರಶ್ನೆ; ನಮ್ಮ ಬಳಿ ಉತ್ತರವಿರಲಿಲ್ಲ. ಸೈಕಲ್ಲಿನ ಗೇರನ್ನು ಬೆರಳಲ್ಲಿ ಮುಟ್ಟಿ ನೋಡಿ, ಹಿಂದಿನ ದಿನ ಸಂಜೆ ಆನೆ ರಸ್ತೆ ದಾಟಿದ ಜಾಗವನ್ನು ಕೈ ಚಾಚಿ ತೋರಿಸಿದರು. ನಾವು ಅರ್ಧ ಗಂಟೆ ಮುಂಚೆ ಸುಧಾರಿಸಿಕೊಳ್ಳಲು ನಿಂತಿದ್ದ ಜಾಗವದು.

ಈ ಕಾಡನ್ನು ನಂಬಿ ಬಂದವರಲ್ಲಿ ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನ ಒಬ್ಬರು. ಪುಸ್ತಕ ಮಾರುತ್ತ, ಬೆಟ್ಟ ಹತ್ತುತ್ತ, ಸೈಕಲ್ ತುಳಿಯುತ್ತ, ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತ ಬಂದವರು. ಗೆಳೆಯರೊಬ್ಬರ ಜೊತೆಗೂಡಿ ಬಿಸಿಲೆಯಲ್ಲಿ ಕಾಡಿನ ತುಂಡೊಂದನ್ನು ಕೊಂಡರು. ಕೊಂಡು ಮಾಡಿದ್ದೇನೆಂದರೆ, ಏನೂ ಮಾಡದೆ ಬಿಟ್ಟದ್ದು. ‘ಅಶೋಕವನ’ ಎಂದು ಹೆಸರು. ಅಲ್ಲಿ ಕಪ್ಪೆಗಳನ್ನು ನೋಡಲು, ಎಣಿಸಲು ಶಿಬಿರಗಳು ನಡೆದಿವೆ. ಭೂಮಿ ಕೊಂಡವರು ಸುಮ್ಮನಿರುವುದು ನಮ್ಮಲ್ಲಿ ಎಷ್ಟು ಅಪರೂಪವೆಂಬುದನ್ನು ರೆಸಾರ್ಟುಗಳ ಫಲಕ ಎಣಿಸಿದವರೇ ಹೇಳಬೇಕು.

ಊರು ದಾಟಿ ಸಕಲೇಶಪುರದ ದಿಕ್ಕಿನಲ್ಲಿ ಮುಂದುವರಿದರೆ ಮಂಕನಹಳ್ಳಿಯ ಏಣು. ಘಾಟಿ ಹತ್ತಿದ್ದರ ಸಾರ್ಥಕ್ಯ ಇರುವುದು ಇಲ್ಲಿ. ನೋಡಲು ಏನೂ ಇಲ್ಲ: ಒಂದು ಸಾಧಾರಣ ಏರು, ಒಂದು ಕಲ್ಲಿನ ಗುರುತು. ಅದರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಬಂಗಾಳಕೊಲ್ಲಿ. ಈ ಏಣಿನ ಪಡುವಣಕ್ಕೆ ಬಿದ್ದ ಮಳೆ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲಿಗೆ ಇಳಿಯುತ್ತದೆ. ಬೇಗ ಮುಗಿಯುವ ಪಯಣ. ಎರಡು ಹೆಜ್ಜೆ ಮೂಡಣಕ್ಕೆ ಬಿದ್ದದ್ದು ಹೇಮಾವತಿಯ ಪಾಲು. ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿ ಸೇರಿ, ಮಂಡ್ಯದ ಕಬ್ಬಿಗೆ ಒಂದಿಷ್ಟು, ಬೆಂಗಳೂರಿನ ನಲ್ಲಿಗೆ ಒಂದಿಷ್ಟು ಕೊಟ್ಟು, ಮೆಟ್ಟೂರು ದಾಟಿ, ತಂಜಾವೂರಿನ ಗದ್ದೆಗಳಲ್ಲಿ ಹಂಚಿಹೋಗಿ ಉಳಿದದ್ದು ಮೂಡಣ ಕಡಲಿಗೆ. ನಾವು ಬಾಟಲಿಯಲ್ಲಿ ಉಳಿದ ನೀರನ್ನು ಏಣಿನ ಮೇಲೆ ಸುರಿದು ನೋಡಿದೆವು. ಅದು ಯಾವ ಕಡಲಿಗೂ ಹೋಗದೆ ಅಲ್ಲೇ ಇಂಗಿತು.

ಹೀಗೆ ಬೆಟ್ಟ ಹಂಚಿದ ಪಾಲನ್ನು ಬದಲಿಸಲು ಈಗ ಮನುಷ್ಯ ಹೊರಟಿದ್ದಾನೆ. ಸಕಲೇಶಪುರದ ಬಳಿಯ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳು ಪಡುವಣಕ್ಕೆ ಹರಿಯುವಂಥವು. ಅವಕ್ಕೆ ಅಡ್ಡ ಕಟ್ಟಿ, ನೀರನ್ನು ಪಂಪುಗಳಿಂದ ಏಣಿನ ಆಚೆಗೆ ಎತ್ತಿ, ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಗೆ ಕೊಡುವುದು ಯೋಜನೆ. 24 ಟಿಎಂಸಿ ಎಂಬುದು ಕಾಗದದ ಲೆಕ್ಕ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಬೇಸಿಗೆಯಲ್ಲಿ ನೇತ್ರಾವತಿಯ ಮರಳು ಕಂಡವರ ಆತಂಕವೂ ಸುಳ್ಳಲ್ಲ. ನಕ್ಷೆಯ ಮೇಲೆ ಏಣು ಎಂದರೆ ಒಂದು ಗೆರೆ, ನೀರನ್ನು ಅದರಾಚೆ ಎತ್ತುವುದು ಸಲೀಸು ಎನಿಸುತ್ತದೆ. ಅದೇ ಏಣಿಗೆ ಒಂದು ಸೈಕಲ್ಲನ್ನೂ ಒಂದು ಮೈಯನ್ನೂ ತಂದು ನಿಲ್ಲಿಸಲು ತೊಡೆಗಳು ಪಟ್ಟ ಪಾಡಿನ ಮೇಲೆ, ಅಷ್ಟೊಂದು ನೀರಿನ ತೂಕ ಏನೆಂದು ನಾವು ಕಲ್ಲಿಗೊರಗಿ ಬಹಳ ಹೊತ್ತು ಮಾತಾಡಿದೆವು. ಎಂಜಿನಿಯರುಗಳಿಗೂ ಮಂತ್ರಿಗಳಿಗೂ ಇಂಥದ್ದೊಂದು ಸವಾರಿ ಕಡ್ಡಾಯ ಮಾಡಿದರೆ ನಷ್ಟವೇನಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಾಟಿ ಮಳೆಯ ವಶ; ಗುಡ್ಡ ಜರಿಯುತ್ತದೆ, ಮರ ಬೀಳುತ್ತದೆ. ಅಕ್ಟೋಬರ್ ಕಳೆದ ಮೇಲೆ ಹೋಗಿ. ಬೆಳಕು ಹರಿಯುತ್ತಲೇ ಕುಲ್ಕುಂದ ಬಿಟ್ಟು, ಸಂಜೆ ಕತ್ತಲಾಗುವ ಮುಂಚೆ ಕಾಡಿನಿಂದ ಹೊರಗಿರಿ. ಕುಮಾರಪರ್ವತವನ್ನೂ ಹತ್ತುವ ಆಸೆಯಿದ್ದರೆ ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಮಾಡಿಸಿ, ವಾರದ ನಡುವಿನ ದಿನ ಆರಿಸಿಕೊಳ್ಳಿ. ಆದರೆ ಅದಕ್ಕೂ ಮೊದಲು ಘಾಟಿ ಹತ್ತಿ, ಬೆಟ್ಟವನ್ನು ಎದುರಿನಿಂದ ಒಮ್ಮೆ ನೋಡಿಬಿಡಿ. ಬಂದ ದಾರಿಯಲ್ಲೇ ಇಳಿಯುವುದಾದರೆ ಬಿಸಿಲೆಯಲ್ಲಿ ಬ್ರೇಕ್ ಪ್ಯಾಡು ಪರೀಕ್ಷಿಸಿಕೊಳ್ಳಿ, ಬ್ರೇಕನ್ನು ಒತ್ತಿಯೇ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಿರಿ. ಹಾವಸೆ ಕಟ್ಟಿದ ತಿರುವುಗಳಲ್ಲಿ ಇಳಿದು ತಳ್ಳಿಕೊಂಡು ಹೋದರೆ ಮರ್ಯಾದೆಗೇನೂ ಕುಂದಿಲ್ಲ.